ಕಡಲೆಕಾಯಿ ತೋರಿಸಿಕೊಟ್ಟ ಕೊರತೆ: ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಸಕ್ಕರೆ ಕೂಡಿಸುವ ಕಿಣ್ವಗಳು

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ ತನ್ನ ಮೊದಲ ವರ್ಷಗಳಲ್ಲಿ ಕಡಲೆಕಾಯಿಯನ್ನು ಕಂಡದ್ದು ಬಡವರ ಪ್ರೋಟೀನಾಗಿ. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿದ ‘ಬಹೂಪಯೋಗಿ ಆಹಾರ’ ಹುಟ್ಟಿದ್ದು ಅಲ್ಲೇ. ಅದೇ ಬೀಜದಲ್ಲಿ ಸಕ್ಕರೆಯನ್ನು ಗುರುತು ಹಿಡಿಯುವ ಇನ್ನೊಂದು ಪ್ರೋಟೀನಿದೆ, ಲೆಕ್ಟಿನ್. ಕರುಳಿನ ಕ್ಯಾನ್ಸರಿನ ಕಿಣ್ವಗಳ ಚರಿತ್ರೆಯಲ್ಲಿ ಅದರ ಪಾಲು ದೊಡ್ಡದು.

ಇಲ್ಲಿ ಸಕ್ಕರೆಯೆಂದರೆ ಮಂಡ್ಯದ ಗಿರಣಿಯದಲ್ಲ. ದೊಡ್ಡ ಕರುಳಿನ ಒಳಗೋಡೆಯನ್ನು ಕಾಯುವ ಲೋಳೆಯ ಪ್ರೋಟೀನಿಗೆ ನೂರಾರು ಸಕ್ಕರೆ ಸರಪಳಿಗಳು ಅಂಟಿಕೊಂಡಿರುತ್ತವೆ. ಮೊದಲ ಕೊಂಡಿ ಎನ್-ಅಸಿಟೈಲ್ ಗ್ಯಾಲಕ್ಟೊಸಮೀನ್. ಅದರ ಮೇಲೆ ಒಂದು ಕಿಣ್ವ ಗ್ಯಾಲಕ್ಟೋಸನ್ನು ಕೂಡಿಸಿದರೆ ಟಿ ಪ್ರತಿಜನಕ. ಇನ್ನೊಂದು ಕಿಣ್ವ ಎನ್-ಅಸಿಟೈಲ್ ಗ್ಲುಕೊಸಮೀನನ್ನು ಕೂಡಿಸಿದರೆ ಕೋರ್-3. ಆರೋಗ್ಯವಂತ ದೊಡ್ಡ ಕರುಳಿಗೆ ಒಗ್ಗಿದ್ದು ಈ ಎರಡನೆಯ ದಾರಿ. ಟಿ ರಚನೆ ಅಲ್ಲಿ ಇದ್ದರೂ ಮುಂದಿನ ಸಕ್ಕರೆಗಳು ಅದನ್ನು ಮುಚ್ಚಿರುತ್ತವೆ.

1974ರಲ್ಲಿ ಅಮೆರಿಕದಲ್ಲಿ ಯಂಗ್ ಕಿಮ್ ಮತ್ತು ಸಂಗಡಿಗರು ಕರುಳಿನ ಗಡ್ಡೆಯ ಪೊರೆಗಳಲ್ಲಿರುವ ಸಕ್ಕರೆ ಸರಪಳಿಗಳು ಬದಲಾಗಿರುವುದನ್ನು ವರದಿ ಮಾಡಿದರು. 1982ರಲ್ಲಿ ಕಿಮ್, ಬೋಲಂಡ್ ಮತ್ತು ಮಾಂಟ್ಗೊಮರಿ ಕಡಲೆಕಾಯಿ ಲೆಕ್ಟಿನ್ನನ್ನು ಬಣ್ಣದಂತೆ ಹಚ್ಚಿ ನೋಡಿದರು. ಅದು ಕ್ಯಾನ್ಸರಿನ ಲೋಳೆಗೆ ಅಂಟಿತು, ಸಹಜ ಕರುಳಿನ ಲೋಳೆಗೆ ಅಂಟಲಿಲ್ಲ. ಮುಚ್ಚಿರಬೇಕಾಗಿದ್ದ ಟಿ ರಚನೆ ಬೆತ್ತಲಾಗಿತ್ತು. ಸರಪಳಿ ಅರ್ಧಕ್ಕೇ ನಿಂತಿದೆ ಎಂಬುದನ್ನು ಕಿಣ್ವಗಳ ಲೆಕ್ಕಕ್ಕಿಂತ ಸಲೀಸಾಗಿ ಕಣ್ಣಿಗೆ ಕಾಣಿಸಿದ್ದು ಈ ಬೀಜವೇ.

ಕಿಣ್ವವನ್ನೇ ನೇರವಾಗಿ ಅಳೆದ ಮಹತ್ವದ ಕೆಲಸ ಬಂದದ್ದು 1994-95ರಲ್ಲಿ, ಕೆನಡಾದ ಇಂಕಾ ಬ್ರಾಕ್‌ಹೌಸೆನ್ ಗುಂಪಿನಿಂದ. ಗಡ್ಡೆಯಲ್ಲಿ ಕೋರ್-3 ಕಿಣ್ವದ ಚಟುವಟಿಕೆ ಕುಗ್ಗಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಲ್ಲಿ ಕಾಣಲೇ ಇಲ್ಲ. ಎಲ್ಲ ಕಿಣ್ವಗಳೂ ಕುಗ್ಗುತ್ತವೆಂದಲ್ಲ. ಸರಪಳಿಯ ತುದಿಗೆ ಸಿಯಾಲಿಕ್ ಆಮ್ಲವನ್ನು ಜೋಡಿಸುವ ಎಸ್‌ಟಿ6ಗ್ಯಾಲ್-1 ಇಲ್ಲಿ ಏರುತ್ತದೆ. ಆದರೂ ಅರೆದ ಗಡ್ಡೆಯಲ್ಲಿ ಸಿಕ್ಕ ಅಂಕಿಯನ್ನು ನಾನು ಅರೆಮನಸ್ಸಿನಿಂದಲೇ ಒಪ್ಪುತ್ತೇನೆ. ಆ ತುಣುಕಿನಲ್ಲಿ ರಕ್ತನಾಳ, ನಾರು, ಬಿಳಿ ರಕ್ತಕಣ ಎಲ್ಲವೂ ಬೆರೆತಿರುತ್ತವೆ. ಅನುಮಾನ ತಗ್ಗಿದ್ದು 2007ರಲ್ಲಿ. ಕೋರ್-3 ಕಿಣ್ವದ ವಂಶವಾಹಿಯನ್ನೇ ತೆಗೆದ ಇಲಿಗಳಲ್ಲಿ ಕರುಳಿನ ಉರಿಯೂತಕ್ಕೂ ಗಡ್ಡೆಗೂ ತುತ್ತಾಗುವ ಗುಣ ಹೆಚ್ಚಿತು. ಕೊರತೆ ಬರೀ ಗುರುತಲ್ಲ, ಕಾರಣವೂ ಆಗಬಲ್ಲದು ಎಂಬುದಕ್ಕೆ ಸಿಕ್ಕ ಗಟ್ಟಿ ಆಧಾರವಿದು.

ಈ ಸಕ್ಕರೆಯನ್ನು ಓದುವ ವಿದ್ಯೆಗೆ ಕರ್ನಾಟಕದಲ್ಲಿ ಹಳೆಯ ಬೇರುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಹೋದ್ಯೋಗಿಗಳು ಕಡಲೆಕಾಯಿ ಲೆಕ್ಟಿನ್ನಿನ ಸ್ಫಟಿಕ ರಚನೆಯನ್ನು 1994ರಲ್ಲಿ, ಹಲಸಿನ ಬೀಜದ ಜಾಕಲಿನ್ ರಚನೆಯನ್ನು 1996ರಲ್ಲಿ ಪ್ರಕಟಿಸಿದರು. ಎರಡೂ ಟಿ ಸಕ್ಕರೆಯನ್ನು ಹಿಡಿಯುತ್ತವೆ. ಆದರೆ ಲಿವರ್‌ಪೂಲಿನ ಪ್ರಯೋಗಗಳಲ್ಲಿ ಕಡಲೆಕಾಯಿಯದು ಕರುಳಿನ ಕ್ಯಾನ್ಸರ್ ಕೋಶಗಳ ವಿಭಜನೆಯನ್ನು ಪ್ರಚೋದಿಸಿದರೆ, ಹಲಸಿನದು ತಡೆಯಿತು. ಬೀಗ ಒಂದೇ, ಎರಡು ಕೀಲಿಗಳ ತಿರುವು ಬೇರೆ ಬೇರೆ. ಇದನ್ನು ಪಥ್ಯದ ಸಲಹೆಯೆಂದು ಯಾರೂ ತಿಳಿಯಬಾರದು. ಇವು ಬಟ್ಟಲಿನಲ್ಲಿ ಬೆಳೆಸಿದ ಕೋಶಗಳ ಮಾತು.

ಮೈಸೂರಿನ ಕೆಲಸ ಹೊರಳಿದ್ದು ಅಲರ್ಜಿಯ ಕಡೆಗೆ. ಸಿಎಫ್‌ಟಿಆರ್‌ಐನ ವೈ.ಪಿ. ವೆಂಕಟೇಶ್ ಗುಂಪು ವೈದ್ಯರೊಡನೆ ಸೇರಿ 2007ರಲ್ಲಿ ಬರೆದದ್ದು ಆಲೂಗಡ್ಡೆ ಲೆಕ್ಟಿನ್ನಿನ ಬಗ್ಗೆ: ಅದು ಐಜಿಇ ಪ್ರತಿಕಾಯದ ಮೇಲಿನ ಸಕ್ಕರೆಯನ್ನು ಹಿಡಿದು ಅಲರ್ಜಿಯ ಕೋಶಗಳನ್ನು ಕೆರಳಿಸುತ್ತದೆ. ಕ್ಯಾನ್ಸರಲ್ಲದಿದ್ದರೂ ಓದುವ ಲಿಪಿ ಅದೇ.

ಕರುಳಿನ ಕಡೆಗೆ ಮರಳಿದ್ದು ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದ ಬಾಳೆ ಸ್ವಾಮಿ ಮತ್ತು ಶಶಿಕಲಾ ಇನಾಮದಾರ ಸ್ಕ್ಲೆರೋಷಿಯಂ ರೋಲ್ಫ್ಸಿ ಎಂಬ ಶಿಲೀಂಧ್ರದ ಲೆಕ್ಟಿನ್ನಿನ ಬೆನ್ನು ಹತ್ತಿದರು. 2012ರ ಅವರ ವರದಿಯಂತೆ, ಟಿ ಸಕ್ಕರೆಯನ್ನು ಹಿಡಿಯುವ ಈ ಲೆಕ್ಟಿನ್ ಕರುಳಿನ ಕ್ಯಾನ್ಸರ್ ಕೋಶಗಳನ್ನು ಸಾವಿಗೆ ತಳ್ಳಿತು, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು. ಉತ್ತರ ಕರ್ನಾಟಕದ ಶೇಂಗಾ ಬೆಳೆಗಾರರಿಗೆ ಈ ಶಿಲೀಂಧ್ರದ ಪರಿಚಯ ಬೇರೆ ಥರ: ಗಿಡದ ಬುಡ ಕೊಳೆಸುವ ರೋಗ ಅದರದೇ.