ಕಾಲಸಂದೇಶದಲ್ಲಿ ಸಂಶಯಕ್ಕೆ ಎಡೆ

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗವೂ ಕೆನಡಾದ ಒಂಟಾರಿಯೋ ಪ್ರಾಂತವೂ ಕತ್ತಲೆಯಲ್ಲಿ ಮುಳುಗಿದ ತರುವಾಯ, ಯಾವ ವಿದ್ಯುನ್ಮಾರ್ಗ ಮೊದಲು ಕಡಿಯಿತು, ಯಾವುದು ಅದರ ಪರಿಣಾಮವಾಗಿ ಕಡಿಯಿತು ಎಂಬ ಪೌರ್ವಾಪರ್ಯವನ್ನು ನಿರ್ಣಯಿಸಹೊರಟವರಿಗೆ ದಾಖಲೆಯಂತ್ರಗಳ ಗಡಿಯಾರಗಳೇ ದೊಡ್ಡ ತೊಡಕಾದುವು. ಅವುಗಳಲ್ಲಿ ಅನೇಕವು ಒಂದೇ ಕಾಲಮಾನಕ್ಕೆ ಹೊಂದಿಕೊಂಡಿರಲಿಲ್ಲ. ಕಾಲಕ್ಕೆ ಹೊಂದಿಸಿದ ದಾಖಲೆಯಂತ್ರಗಳನ್ನು ಕಡ್ಡಾಯಗೊಳಿಸಬೇಕೆಂದು ಉಭಯ ದೇಶಗಳ ತನಿಖಾ ಕಾರ್ಯಪಡೆ ಶಿಫಾರಸು ಮಾಡಿದುದು ಈ ಅನುಭವದಿಂದಲೇ.

ಕಾರ್ಖಾನೆಯ ಯಂತ್ರಗಳನ್ನು ನಡೆಸುವ ನಿಯಂತ್ರಕಗಳಿಗೂ ಇದೇ ತೊಡಕುಂಟು. ಅಂಥ ನಿಯಂತ್ರಕದೊಳಗಿನ ಗಡಿಯಾರದ ಸ್ಫಟಿಕ ಹತ್ತು ಲಕ್ಷದಲ್ಲಿ ಹತ್ತು ಭಾಗದಷ್ಟು ತಪ್ಪಿದರೂ ದಿನವೊಂದಕ್ಕೆ 0.864 ಸೆಕೆಂಡಿನ ಅಂತರ ಬೀಳುವುದರಿಂದ, ಜಾಲದ ಮೂಲಕ ಆಗಾಗ ಕಾಲವನ್ನು ತಿಳಿಸುತ್ತಿರುವುದು ಅನಿವಾರ್ಯ. ಅದನ್ನು ಯಾವ ರೂಪದಲ್ಲಿ ತಿಳಿಸಬೇಕೆಂಬುದು ಇಲ್ಲಿಯ ವಿಚಾರ.

ಸೀಮೆನ್ಸ್ ಸಂಸ್ಥೆಯ ಎಸ್7-300, ಎಸ್7-400 ನಿಯಂತ್ರಕಗಳಲ್ಲಿ ದಿನಾಂಕ ಮತ್ತು ಸಮಯಕ್ಕೆ ಮೀಸಲಾದ ಎಂಟು ಬೈಟುಗಳನ್ನು ನೋಡೋಣ. ಭಾರತೀಯ ಕಾಲದಂತೆ 2024ರ ಮಾರ್ಚ್ 26, ಮಧ್ಯಾಹ್ನ 2 ಗಂಟೆ 30 ನಿಮಿಷ 5.250 ಸೆಕೆಂಡು ಎಂಬ ಕ್ಷಣವು ಅಲ್ಲಿ 24 03 26 14 30 05 25 03 ಎಂದು ಕುಳಿತಿರುತ್ತದೆ. ಕಡೆಯ ಬೈಟಿನ ಮೊದಲರ್ಧದಲ್ಲಿ ಮಿಲಿಸೆಕೆಂಡಿನ ಉಳಿದ ಅಂಕೆ, ಎರಡನೆಯ ಅರ್ಧದಲ್ಲಿ ವಾರ. ಭಾನುವಾರವನ್ನು ಒಂದೆಂದು ಎಣಿಸುವುದರಿಂದ ಮಂಗಳವಾರ ಮೂರಾಯಿತು. ಕಣ್ಣಿನಿಂದಲೇ ಓದಬಹುದಾದ ಈ ರಚನೆ ಬಹು ಸೊಗಸಾದುದು; ಪಂಚಾಂಗಪ್ರಿಯರಾದ ನಮಗೆ ವಾರವೂ ಸೇರಿರುವುದು ಇನ್ನಷ್ಟು ಪ್ರಿಯವೇ ಸರಿ. ಆದರೆ ಶತಮಾನಕ್ಕೆ ಎಡೆಯಿಲ್ಲದ ಕಾರಣ 90 ಎಂದರೆ 1990, 89 ಎಂದರೆ 2089 ಎಂಬ ಕಟ್ಟಳೆಯನ್ನು ಹೊರಗಿನಿಂದ ತರಬೇಕು. ಇದು ಯಾವ ದೇಶದ ಕಾಲವೆಂಬುದಾಗಲಿ, ಎಷ್ಟು ನಂಬತಕ್ಕದ್ದೆಂಬುದಾಗಲಿ ಆ ಎಂಟು ಬೈಟುಗಳಲ್ಲಿ ಎಲ್ಲಿಯೂ ಇಲ್ಲ.

ಡೇವಿಡ್ ಮಿಲ್ಸ್ ಅವರು 1985ರಲ್ಲಿ ಪ್ರಕಟಿಸಿದ ಎನ್‌ಟಿಪಿ ಎಂಬ ಜಾಲಕಾಲ ನಿಯಮವು ಬೇರೆ ಮನೋಧರ್ಮದ್ದು. ಅದೇ ಕ್ಷಣದ ಪೂರ್ಣ ಸೆಕೆಂಡುಗಳನ್ನು ಅದು 1900ರ ಆರಂಭದಿಂದ ವಿಶ್ವಕಾಲದಲ್ಲಿ ಎಣಿಸಿ 3,92,04,32,405 ಎನ್ನುತ್ತದೆ. ಮನುಷ್ಯನ ಕಣ್ಣಿಗೆ ಇದು ಏನನ್ನೂ ಹೇಳದು, ಮತ್ತು 32 ಬಿಟ್ಟುಗಳ ಈ ಎಣಿಕೆ 2036ರ ಫೆಬ್ರವರಿ 7ರಂದು ತುಂಬಿ ಸೊನ್ನೆಗೆ ಮರಳತಕ್ಕದ್ದು. ಆದರೂ ಅದರ ಇಂದಿನ ಸಂದೇಶದ ಮೊದಲೆರಡು ಬಿಟ್ಟುಗಳು ಎರಡೂ ಒಂದಾಗಿದ್ದರೆ ‘ನನ್ನ ಗಡಿಯಾರ ಇನ್ನೂ ಹೊಂದಿಕೊಂಡಿಲ್ಲ’ ಎಂದು ಕಳುಹಿಸಿದವನೇ ಒಪ್ಪಿಕೊಂಡಂತೆ. ಸಂಶಯಕ್ಕೆಂದೇ ಎಡೆಯಿಟ್ಟ ಈ ವಿವೇಕವನ್ನು ನಾನು ಆ ನಿಯಮದ ಗಣಿತಕ್ಕಿಂತಲೂ ಮೇಲೆಂದು ಎಣಿಸುತ್ತೇನೆ.

ನಿಯಂತ್ರಕದ ಸಂವಹನ ಮಾಡ್ಯೂಲು ಎನ್‌ಟಿಪಿಯಿಂದ ಪಡೆದ ಕಾಲವನ್ನು ಸಿಪಿಯುಗೆ ದಾಟಿಸಿ, ಕ್ರಮವಿಧಿ ಅದನ್ನು ಎಂಟು ಬೈಟುಗಳಲ್ಲಿ ಬರೆದಿಟ್ಟಾಗ, ಆ ಸಂಶಯ ದಾರಿಯಲ್ಲೇ ಉಳಿಯುತ್ತದೆ; ಅದು ಬೇಕೆಂದವರು ಗಡಿಯಾರದ ಸ್ಥಿತಿಯನ್ನು ಬೇರೆಯಾಗಿ ಓದಿ ದಾಖಲೆಯ ಪಕ್ಕದಲ್ಲಿ ಇರಿಸಿಕೊಳ್ಳಬೇಕು. ಎರಡು ಯಂತ್ರಗಳ ದಾಖಲೆಗಳು ಸರಿಯಾಗಿ ಐದೂವರೆ ಗಂಟೆಯಷ್ಟು ಭಿನ್ನವಾಗಿದ್ದರೆ ಒಂದರಲ್ಲಿ ವಿಶ್ವಕಾಲ, ಇನ್ನೊಂದರಲ್ಲಿ ಭಾರತೀಯ ಕಾಲವಿದೆಯೆಂದು ಯಾರಾದರೂ ಊಹಿಸಿ ತಿದ್ದಿಕೊಂಡಾರು; ಎರಡೇ ಸೆಕೆಂಡು ಭಿನ್ನವಾಗಿದ್ದರೆ, ಯಾವ ಯಂತ್ರವನ್ನು ನಂಬುವುದೆಂದು ಆ ಎಂಟು ಬೈಟುಗಳನ್ನು ಕೇಳಿ ಪ್ರಯೋಜನವಿಲ್ಲ.