ಹಂಸವೆಂಬ ಹಕ್ಕಿ: ಕೋಶ, ಕೆರೆ ಮತ್ತು ಶಿಲ್ಪಗಳ ಸಾಕ್ಷ್ಯ

ಕನ್ನಡ ಕಾವ್ಯಗಳಲ್ಲಿ ಹಂಸಕ್ಕೆ ಸಂದಿರುವ ಸ್ಥಾನವು ಹಿರಿದಾದುದು. ಹಳಗನ್ನಡದ ಕವಿಗಳು ಅದನ್ನು ‘ಅಂಚೆ’ ಎಂಬ ತದ್ಭವರೂಪದಿಂದಲೂ ಕರೆದು, ಬ್ರಹ್ಮನ ವಾಹನವಾಗಿಯೂ, ನಾಯಿಕೆಯ ನಡೆಗೆ ಉಪಮಾನವಾಗಿಯೂ, ಹಾಲುನೀರುಗಳನ್ನು ಬೇರ್ಪಡಿಸುವ ವಿವೇಕಕ್ಕೆ ನಿದರ್ಶನವಾಗಿಯೂ ವರ್ಣಿಸಿದ್ದಾರೆ. ಆದರೆ ಇಂಗ್ಲಿಷಿಗೆ ಭಾಷಾಂತರಿಸಿದವರಲ್ಲಿ ಅನೇಕರು ಇದಕ್ಕೆ ‘ಸ್ವಾನ್’ ಎಂಬ ಶಬ್ದವನ್ನು ಉಪಯೋಗಿಸಿದುದರಿಂದ, ನೀಳಗೊರಳಿನ ಯುರೋಪಿನ ಬಿಳಿಯ ಹಕ್ಕಿಯೇ ಓದುಗರ ಮನಸ್ಸಿನಲ್ಲಿ ನೆಲೆಸಿದೆ. ಈ ಅರ್ಥವು ಸಾಧುವೇ ಎಂಬುದು ವಿಚಾರಾರ್ಹವಾಗಿದೆ.

ಮೊದಲು ಕೋಶದ ಪ್ರಮಾಣವನ್ನು ನೋಡಬೇಕು. ಅಮರಸಿಂಹನು ಬಿಳಿಯ ಹಂಸಗಳಲ್ಲಿ ಮೂರು ಭೇದಗಳನ್ನು ಹೇಳಿದ್ದಾನೆ: ಕೊಕ್ಕು ಕಾಲುಗಳು ಕೆಂಪಾಗಿದ್ದರೆ ರಾಜಹಂಸ, ಮಲಿನವಾಗಿದ್ದರೆ ಮಲ್ಲಿಕಾಕ್ಷ, ಕಪ್ಪಾಗಿದ್ದರೆ ಧಾರ್ತರಾಷ್ಟ್ರ. ಯುರೋಪಿನ ಆ ಹಕ್ಕಿಯ ಕಾಲುಗಳು ಕಪ್ಪು. ಆದುದರಿಂದ ಧಾರ್ತರಾಷ್ಟ್ರಕ್ಕೆ ಅದು ಒಪ್ಪಿದರೂ ಒಪ್ಪಬಹುದು; ರಾಜಹಂಸಕ್ಕೆ ಎಷ್ಟು ಮಾತ್ರವೂ ಒಪ್ಪದು. ಅಲ್ಲದೆ ಅದು ಭಾರತದ ವಾಯವ್ಯ ಭಾಗಕ್ಕೆ ಅಪರೂಪವಾಗಿ ಬರುವ ಹಕ್ಕಿಯೇ ಹೊರತು ಕನ್ನಡ ನಾಡಿನದಲ್ಲ.

ಇನ್ನು ಕನ್ನಡಿಗರ ಕಣ್ಣಿಗೆ ಬೀಳುವ ಹಕ್ಕಿ ಯಾವುದು? ರೋಣ ಸೀಮೆಯ ಜಕ್ಕಲಿಯಿರುವ ಗದಗ ಜಿಲ್ಲೆಯಲ್ಲಿಯೇ ಇದಕ್ಕೆ ಉತ್ತರವಿದೆ. ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಪ್ರತಿವರ್ಷ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ೨೦೨೪ರಲ್ಲಿ ಈ ಕೆರೆಯು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಯ ಮೈ ತಿಳಿಬೂದು, ತಲೆ ಬಿಳಿ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಕೊಕ್ಕು ಕಾಲುಗಳು ಕಿತ್ತಳೆ ಮಿಶ್ರಿತ ಹಳದಿ. ಇವು ಮರಿಮಾಡುವುದು ಲಡಾಖ, ತಿಬೇಟ, ಮಂಗೋಲಿಯಗಳ ಎತ್ತರದ ಸರೋವರಗಳಲ್ಲಿ. ಹಿಮಾಲಯವನ್ನು ದಾಟುವಾಗ ಇವು ೭೦೦೦ ಮೀಟರಿಗೂ ಮೇಲೆ ಹಾರಿದುದು ಯಂತ್ರಗಳ ಮೂಲಕ ದಾಖಲಾಗಿದೆ. ಹಂಸಗಳು ಮಾನಸಸರೋವರಕ್ಕೆ ಹೋಗುವುವೆಂಬ ಕವಿಸಮಯಕ್ಕೆ ಇಂತಹ ಪಯಣವೇ ಮೂಲವಾಗಿರಬೇಕು. ಆದರೆ ಒಂದು ಭೇದವುಂಟು. ಮೇಘದೂತದ ರಾಜಹಂಸಗಳು ಆಷಾಢದ ಮೋಡದೊಡನೆ ಹೊರಡುತ್ತವೆ. ಕೆರೆಯ ಹೆಬ್ಬಾತುಗಳು ಬೇಸಗೆಯ ಮೊದಲಲ್ಲಿಯೇ ಹೊರಟುಹೋಗುತ್ತವೆ. ಕವಿಗಳು ದಿಕ್ಕನ್ನು ಸರಿಯಾಗಿ ಹೇಳಿ, ಕಾಲವನ್ನು ಮಾತ್ರ ಕೆಲವು ತಿಂಗಳು ಮುಂದಕ್ಕೆ ಹಾಕಿದ್ದಾರೆ.

ಶಿಲ್ಪದ ಸಾಕ್ಷ್ಯವು ಇದಕ್ಕೆ ಪೋಷಕವಾಗಿದೆ. ಬಾದಾಮಿಯ ೩ನೆಯ ಗುಹೆಯ (ಕ್ರಿ. ಶ. ೫೭೮) ಛತ್ತಿನಲ್ಲಿ ಹಂಸಾರೂಢನಾದ ಬ್ರಹ್ಮನಿದ್ದಾನೆ. ಅಜಂತೆಯ ೧೭ನೆಯ ಗುಹೆಯಲ್ಲಿ ಹಂಸಜಾತಕದ ಕಥೆಯು ವರ್ಣಚಿತ್ರವಾಗಿದೆ. ೧೨ನೆಯ ಶತಮಾನದ ಹಳೇಬೀಡಿನಲ್ಲಿಯೂ ೧೩ನೆಯ ಶತಮಾನದ ಸೋಮನಾಥಪುರದಲ್ಲಿಯೂ ಆನೆಗಳಿಂದ ಮೊದಲಾಗುವ ಪಟ್ಟಿಕೆಗಳ ಮೇಲುತುದಿಯಲ್ಲಿ, ಮಕರಗಳ ಮೇಲೆ, ಹಂಸಪಂಕ್ತಿಯು ಸಾಗುತ್ತದೆ. ಅದರ ಬಾಲವನ್ನು ಶಿಲ್ಪಿಯು ಬಳ್ಳಿಯಂತೆ ಸುರುಳಿಮಾಡಿರುವುದು ಅಲಂಕಾರ. ಆದರೆ ತುಂಬಿದ ಎದೆ, ಮಿತವಾದ ಕೊರಳು, ಗಟ್ಟಿಯಾಗಿ ನೆಲವೂರಿದ ಕಾಲುಗಳು ಹೆಬ್ಬಾತಿನವೇ. ಯುರೋಪಿನ ಹಕ್ಕಿಯ ಕಾಲುಗಳು ಹಿಂದಕ್ಕಿರುವುದರಿಂದ ಅದರ ಚೆಲುವು ನೀರಿನಲ್ಲಿ ಮಾತ್ರ. ನೆಲದ ಮೇಲೆ ಅದು ತಡವರಿಸುತ್ತದೆ. ಹೆಬ್ಬಾತು ಹೊಲದಲ್ಲಿ ಮೇಯುವ ಹಕ್ಕಿಯಾದುದರಿಂದ ಸಾವಕಾಶವಾಗಿ, ಹದವಾಗಿ ನಡೆಯುತ್ತದೆ. ‘ಹಂಸಗಮನೆ’ ಎಂಬ ಮಾತು ಸಾರ್ಥಕವಾಗುವುದು ಇದರಿಂದಲೇ.

ಹಕ್ಕಿಯನ್ನು ಹಕ್ಕಿಯಾಗಿಯೇ ಚಿತ್ರಿಸುವ ಇನ್ನೊಂದು ಸಂಪ್ರದಾಯವು ಬಹಳ ತಡವಾಗಿ ಬಂದಿತು. ಹ್ಯೂಮ್ ಮತ್ತು ಮಾರ್ಶಲ್ ಅವರು ೧೮೭೯ರಿಂದ ೧೮೮೧ರ ವರೆಗೆ ಪ್ರಕಟಿಸಿದ ಬೇಟೆಹಕ್ಕಿಗಳ ಗ್ರಂಥದ ಬಣ್ಣದ ಚಿತ್ರಗಳು ಜಾತಿಯನ್ನು ಗುರುತಿಸುವುದಕ್ಕಾಗಿ ಬರೆದವು. ಅಲ್ಲಿ ತಲೆಯ ಪಟ್ಟೆಯೇ ಮುಖ್ಯ. ಶಿಲ್ಪದಲ್ಲಿ ನಡೆಯೇ ಮುಖ್ಯ. ಹಂಸವು ಹೆಬ್ಬಾತೆಂಬ ವಾದವನ್ನು ಡಚ್ ವಿದ್ವಾಂಸ ಫೋಗೆಲ್ ಅವರು ೧೯೬೨ರಲ್ಲಿ ಸಾಹಿತ್ಯ ಶಿಲ್ಪಗಳೆರಡರ ಆಧಾರದಿಂದ ಪ್ರತ್ಯೇಕ ಗ್ರಂಥವಾಗಿಯೇ ಮಂಡಿಸಿದರು.

ಇದಕ್ಕೊಂದು ಆಕ್ಷೇಪವುಂಟು. ಕಾವ್ಯದ ಹಂಸವು ಅಚ್ಚಬಿಳುಪು. ಕೆರೆಯ ಹಕ್ಕಿ ಬೂದು. ಬಿಳುಪು ಕೀರ್ತಿಗೂ ಶುದ್ಧಿಗೂ ಸಂಕೇತವಾದುದರಿಂದ ಕವಿಗಳು ಅದನ್ನು ಹೆಚ್ಚಿಸಿದರೆಂದು ಹೇಳಬಹುದಾದರೂ, ಹಂಸಶಬ್ದವು ಈ ಒಂದೇ ಜಾತಿಗೆ ಸಲ್ಲುವುದೆಂದು ಸಾಧಿಸಲಾಗದು. ಸಿದ್ಧವಾಗುವುದು ಇಷ್ಟು: ಹಂಸವು ಪ್ರಧಾನವಾಗಿ ಕಾಡುಹೆಬ್ಬಾತು. ಪಾಠ ಹೇಳುವವರು ಪರದೇಶದ ಚಿತ್ರವನ್ನು ತೋರಿಸುವುದಕ್ಕಿಂತ ಮಾಗಿಯಲ್ಲಿ ಶಿಷ್ಯರನ್ನು ಮಾಗಡಿಯ ಕೆರೆಯ ಏರಿಯ ಮೇಲೆ ನಿಲ್ಲಿಸಿದರೆ, ಹಳೆಯ ಪದ್ಯಗಳ ಅರ್ಥವು ಹೆಚ್ಚು ವಿಶದವಾದೀತು.