1962ರ ಗಿಟಾರು, ನಮ್ಮ ಬೀಟೆ

ನಾಸಿಕ್‌ಗೆ ಬಂದಮೇಲೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ: 1962ರ ಮಾದರಿಯಲ್ಲಿ ಈಗ ಹೊಸದಾಗಿ ಮಾಡೋ ಸ್ಟ್ರಾಟೋಕ್ಯಾಸ್ಟರ್ ತಗೊಳ್ಳೋದಾ, ಬೇಡವಾ? ಅಪ್ಪನ ಕಣ್ಣಿನ ಆಪರೇಷನ್ನಿಗೆ ಎತ್ತಿಟ್ಟ ದುಡ್ಡೂ ಇದೇ ಖಾತೆಯಲ್ಲಿದೆ. ಹಾಗಾಗಿ ಸ್ವಲ್ಪ ಇತಿಹಾಸ ಕೆದಕಿದೆ.

ಲಿಯೋ ಫೆಂಡರ್ ಈ ಗಿಟಾರ್ ತಂದಿದ್ದು 1954ರಲ್ಲಿ. 1965ರಲ್ಲಿ ಕಂಪನಿ ಸಿಬಿಎಸ್ ಪಾಲಾಯ್ತು. ಗುಣಮಟ್ಟ ಇಳೀತು ಅಂತ ನುಡಿಸೋರು ಹಳೇ ಗಿಟಾರುಗಳನ್ನೇ ಹುಡುಕತೊಡಗಿದರು. ಕೊನೆಗೆ 1982ರಲ್ಲಿ ಕಂಪನಿಯೇ 1957, 1962ರ ಮಾದರಿಗಳನ್ನ ಮತ್ತೆ ತಯಾರಿಸಿತು.

ಆದ್ರೆ ಮರ? 1962ರ ಗಿಟಾರಿನಲ್ಲಿ ಬೆರಳಾಡಿಸೋ ಪಟ್ಟಿ ಬ್ರೆಜಿಲ್ ರೋಸ್‌ವುಡ್‌ನದ್ದು. 1992ರಲ್ಲಿ ಸೈಟಿಸ್ ಒಪ್ಪಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನ ಹೆಚ್ಚುಕಮ್ಮಿ ನಿಲ್ಲಿಸಿತು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲೇ ಇಂಡಿಯನ್ ರೋಸ್‌ವುಡ್‌ಗೆ ಹೊರಳಿತ್ತು. ಅಂದ್ರೆ ನಮ್ಮ ಬೀಟೆ! ಮಲೆನಾಡಿನ ಮನೆಗಳಲ್ಲಿ ಮಂಚ, ಬಾಗಿಲು ಆಗಿದ್ದ ಮರ. ಈಗಿನ ಮರುತಯಾರಿಕೆಗಳಲ್ಲೂ ಸಾಮಾನ್ಯವಾಗಿ ಇದೇ.

"ಹಾಗಾದ್ರೆ ಡೂಪ್ಲಿಕೇಟು ಬಿಡು" ಅಂದ ಸಂಭಾಜಿನಗರದ ಗೆಳೆಯ. ಅವನ ಊರಿಂದ ಸುಮಾರು 30 ಕಿ.ಮೀ. ದೂರದಲ್ಲೇ ಎಲ್ಲೋರದ ಕೈಲಾಸ ಇದೆ, ಮಾರಾಯ್ರೆ. ಪಟ್ಟದಕಲ್ಲಿನ ವಿರೂಪಾಕ್ಷವನ್ನ ಮರಳುಗಲ್ಲಲ್ಲಿ ಕಟ್ಟಿದ್ರು. ಅದರ ವಿನ್ಯಾಸವನ್ನೇ ಹೋಲೋ ಕೈಲಾಸವನ್ನ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಕಪ್ಪು ಬಸಾಲ್ಟ್ ಬಂಡೆಯಲ್ಲಿ ಮೇಲಿಂದ ಕೆಳಗೆ ಕೊರೆದ್ರು. ಕಲ್ಲು ಬೇರೆ, ಕೆಲಸದ ರೀತಿಯೂ ಬೇರೆ. ಅದನ್ನ ಡೂಪ್ಲಿಕೇಟು ಅಂತ ಯಾರು ಕರೀತಾರೆ?

ಆಪರೇಷನ್ ಮುಗೀಲಿ, ಗಿಟಾರ್ ತಗೋತೀನಿ. ಬಿಲ್ಲಲ್ಲಿ ಮರದ ಹೆಸರು ಬರೆಸ್ಕೋತೀನಿ. ಬೇಕಂತಲೇ ಗೀರಿ, ಬಣ್ಣ ಕೆರೆದು ಹಳೇದರಂತೆ ಕಾಣಿಸೋಕೆ ಕೇಳೋ ಹೆಚ್ಚುವರಿ ದುಡ್ಡು ಮಾತ್ರ ಕೊಡಲ್ಲ.